ಪಕ್ಕದ ಕೋಣೆಯವನು

ವುಚ್ ನಗರದಲ್ಲಿ ನಮ್ಮ ಕಾಲೇಜಿನ ಹಿಂದಿದ್ದ ನೂಲಿನ ಗಿರಣಿ
ಈಗ ಹೋಟೆಲು. ಚಿಮಣಿ ಹಾಗೇ ಇದೆ, ಹೊಗೆಗೆ ನಿವೃತ್ತಿ.
ನಮಗೂ.
ನವೆಂಬರ್, ನಾಲ್ಕಕ್ಕೇ ಕತ್ತಲು.
ಮೂವತ್ತೊಂದು ಜನರಲ್ಲಿ ಒಂಬತ್ತು ಮಂದಿ ಬಂದೆವು,
ಮೆಟ್ಟಿಲ ಕಟಕಟೆ ಹಿಡಿದು.

ಮೊದಲ ಅರ್ಧ ಗಂಟೆ ಮಂಡಿ, ಸಕ್ಕರೆ, ಕಣ್ಣಿನ ಪೊರೆ.
ಒತಿಲಿಯಾಳಿಗೆ ಹೊಸ ಸೊಂಟ. "ಜರ್ಮನಿಯದು" ಎಂದಳು,
ಹಿಂದೆ ಮಗ್ಗದ ಬಗ್ಗೆ ಹೇಳುತ್ತಿದ್ದ ಅದೇ ಗತ್ತಿನಲ್ಲಿ.
ಗೆರಾರ್ಡ್ ಮೂರನೆಯ ಹೆಂಡತಿಯ ಹೆಸರು ಹೇಳಹೋಗಿ
ಎರಡನೆಯವಳ ಹೆಸರು ಹೇಳಿ
ಸೂಪಿಗೆ ಉಪ್ಪು ಸಾಲದೆಂದ.

ಆಗ ಬಾಗಿಲಲ್ಲಿ ಬೂದು ಕೋಟಿನವನೊಬ್ಬ,
ಒಳಗೂ ಅಲ್ಲ, ಹೊರಗೂ ಅಲ್ಲ.
"ಲೂಟ್ಸಿಯಾನ್!" ಎಂದು ಬೊಗುಮಿವಾ ಕೂಗಿದ್ದೇ ತಡ,
ಕೋಟು ಕಳಚಿದರು, ಕುರ್ಚಿ ಎಳೆದರು,
ತುಂಬಿದ ಲೋಟ ಕೈಗಿಟ್ಟರು.

ನೀನಲ್ಲವೇ ಡೀನರ ಟೋಪಿ ಬಣ್ಣದ ತೊಟ್ಟಿಗೆ ಬೀಳಿಸಿ
ಕೋಲಿನಿಂದೆತ್ತಿ "ಪ್ರಯೋಗ ಯಶಸ್ವಿ" ಎಂದವನು?
ನೀನಲ್ಲವೇ ಕಿತ್ತಳೆಗೆ ಸರದಿ ನಿಲ್ಲುತ್ತಿದ್ದ ಕಾಲದಲ್ಲಿ
ಒಂದೇ ಹಣ್ಣನ್ನು ಹತ್ತು ಜನಕ್ಕೆ ತೊಳೆ ಎಣಿಸಿ ಕೊಟ್ಟು
ಸಿಪ್ಪೆ ಅಗಿಯುತ್ತ ಕೂತವನು?
ಮೊದಲು ತಲೆಯಾಡಿಸಿದ, ಅಲ್ಲವೆಂದು.
ಆಮೇಲೆ ಆಡಿಸಲಿಲ್ಲ.
"ಇರಬಹುದು" ಎಂದ, ಕಿವಿ ಕೆಂಪಾಗಿ.

ನನಗೆ ಗೊತ್ತಾಗಿತ್ತು.
ನೇಯ್ಗೆ ಕಲಿತವರು ಕೂರುವ ಮುಂಚೆ
ಮೇಜಿನ ಬಟ್ಟೆಯ ಅಂಚು ಮಗುಚುತ್ತಾರೆ,
ಹಾಸು ಯಾವುದು, ಹೊಕ್ಕು ಯಾವುದು
ಎಂದು ಹೆಬ್ಬೆರಳಿಗೆ ತಿಳಿಯಬೇಕು, ಇಲ್ಲದಿದ್ದರೆ ಊಟ ಸೇರದು.
ಮದುವೆಯಲ್ಲೂ ಅಷ್ಟೆ, ಆಸ್ಪತ್ರೆಯ ಮಂಚದಲ್ಲೂ ಅಷ್ಟೆ.
ಗಂಡನ ಶವಪೆಟ್ಟಿಗೆಯ ಒಳಪದರವನ್ನು ನಾನೂ ಹಾಗೇ ಮುಟ್ಟಿದ್ದೆ.
ಪಾಲಿಯೆಸ್ಟರ್, ಅಂದುಕೊಂಡೆ.
ಆಮೇಲೆ ಅತ್ತೆ.
ಇವನು ಬಟ್ಟೆಯ ಮೇಲೆ ಸುಮ್ಮನೆ ಮೊಣಕೈ ಊರಿದ,
ಹಲಗೆಯೇನೋ ಎಂಬಂತೆ.

ಆದರೂ ಬಾಯಿ ಬಿಡಲಿಲ್ಲ.
ಲೂಟ್ಸಿಯಾನನ ಕೊನೆಯ ಕಾಗದ ನನ್ನ ಚೀಲದಲ್ಲಿತ್ತು,
ಗ್ದಿನ್ಯಾದ ಆಸ್ಪತ್ರೆಯಿಂದ ಬರೆದದ್ದು, ಸಾಲುಗಳು ಇಳಿಜಾರಾಗಿ.
ಅದರ ಜೊತೆ ಅವನ ಮಗಳ ಎರಡೇ ಸಾಲು.
ಈ ಸಂಜೆ ಓದಿ ಹೇಳಬೇಕೆಂದೇ ತಂದಿದ್ದೆ,
ಸೂಪಾದ ಮೇಲೆ, ಕೇಕಿಗೆ ಮೊದಲು.
ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು.
ಚೀಲದ ಜಿಪ್ಪು ಎಳೆಯಲಿಲ್ಲ.

ಅವನು ಮೆಲ್ಲಗೆ ಎದ್ದು ಹೋದ. ಹಿಂದೆಯೇ ಹೋದೆ.
ಕೋಟು ತೂಗುಹಾಕುವ ಕಡೆ, ಒಂದು ತೋಳು ತೂರಿಸಿ ನಿಂತಿದ್ದ.
"ನಾನು ವಿಟೋಲ್ಡ್. ಎಲೆಕ್ಟ್ರಿಕಲ್. ಪಕ್ಕದ ಕೋಣೆ.
ಆರು ಜನಕ್ಕೆ ಹೇಳಿದ್ದೆ. ಒಂದು ಗಂಟೆ ಕಾದೆ.
ಮಾಣಿ ಎರಡು ಸಲ ನೀರು ತಂದಿಟ್ಟ, ಮೂರನೇ ಸಲ ಬರಲಿಲ್ಲ.
ನಿಮ್ಮ ನಗು ಗೋಡೆಯಾಚೆ ಕೇಳುತ್ತಿತ್ತು."
ಅರೆತೆರೆದ ಬಾಗಿಲಲ್ಲಿ ಕಂಡೆ: ಆರು ತಟ್ಟೆ,
ಟೋಪಿಯಂತೆ ಮಡಚಿಟ್ಟ ಆರು ಕರವಸ್ತ್ರ.

"ಆ ಡೀನರ ಟೋಪಿ, ನಿಜಕ್ಕೂ ನೀಲಿಯಾಯಿತೇ?"
"ಅಚ್ಚ ನೀಲಿ. ಬಣ್ಣ ಕಲಸಿದವಳು ನಾನೇ.
ಎಷ್ಟು ಒಗೆದರೂ ಬಿಡಲಿಲ್ಲ."
ಅಭ್ಯಾಸಬಲ, ಅವನ ಕೋಟಿನ ತೋಳು ಮುಟ್ಟಿ ನೋಡಿದೆ:
ಮುಕ್ಕಾಲು ಪಾಲು ಉಣ್ಣೆ, ಮೊಣಕೈಯಲ್ಲಿ ಮನೆಯ ಹೊಲಿಗೆ.
"ನಿಮ್ಮ ಲೂಟ್ಸಿಯಾನ್ ತಡವಾಗಿಯಾದರೂ ಬಂದುಬಿಟ್ಟರೆ?"
ಕಳ್ಳ ಸಿಕ್ಕಿಬಿದ್ದವನ ಧ್ವನಿ.
"ಬರುವುದಿಲ್ಲ" ಎಂದೆ.
ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು,
ಅದೂ ಗುರುತಿಲ್ಲದವನಿಗೆ.

ಅವನು ಬಹಳ ಹೊತ್ತು ಗುಂಡಿಗಳನ್ನೇ ನೋಡಿದ.
ಮತ್ತೆ ತೋಳನ್ನು ಹೊರಗೆಳೆದು
ಕೋಟನ್ನು ಗೂಟಕ್ಕೆ ಸಿಕ್ಕಿಸಿದ, ನನ್ನ ಕೋಟಿನ ಪಕ್ಕ.

ಒಳಗಿನಿಂದ ಬೊಗುಮಿವಾ:
"ಲೂಟ್ಸಿಯಾನ್, ಕೇಕು ಬಂತು!
ನಿನ್ನ ಪಾಲಿಗೂ ಗೆರಾರ್ಡ್ ಕೈಹಾಕುತ್ತಿದ್ದಾನೆ!"

"ಬಂದೆ" ಎಂದ,
ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.