ಒಂದು ಸೀಟಿ, ಎರಡು ಸೀಟಿ

ಭಾನುವಾರ ಸಂಜೆ ಆರಕ್ಕೆ
ಹೊಳೆ ಬಸ್‌ಸ್ಟಾಪಿನ ಹತ್ತಿರ, ಟೈರ್ ರೀಸೋಲಿಂಗ್ ಅಂಗಡಿಯ ಮಹಡಿಯಲ್ಲಿ
ರಬ್ಬರಿನ ವಾಸನೆ, ಐದು ಸ್ಟೂಲು, ಒಂದು ಕೇರಂ ಬೋರ್ಡು.
ಬೋರ್ಡನ್ನು ಮಗುಚಿ ಅದರ ಬೆನ್ನಿನ ಮೇಲೆ
ಸೀಮೆಸುಣ್ಣದಲ್ಲಿ ಕೋಟೆ ಬರೆಯುತ್ತೇನೆ.

ಇಪ್ಪತ್ತು ಮುಖದ ದಾಳ ಇರುವುದು ಒಂದೇ.
ಅಂಚು ಸವೆದು ಹದಿಮೂರೇ ಜಾಸ್ತಿ ಬೀಳುತ್ತದೆಂದು
ಅಫ್ರೋಜನ ದೂರು; ಆಟದಲ್ಲಿ ಅವನು ಕಳ್ಳ,
ಹೊರಗೆ ಮೊಬೈಲ್ ರಿಪೇರಿ.
ವೆಲ್ಡಿಂಗಿನ ಹಾಲೇಶಿಗೆ ಕೊಡಲಿ. ಮುಚ್ಚಿದ್ದೆಲ್ಲ ಒದೆಯಬೇಕು ಅವನಿಗೆ.
ಡ್ರಾಯಿಂಗ್ ಮೇಷ್ಟ್ರು ಯಲ್ಲೋಜಿರಾಯರು ನಕ್ಷೆ ಬರೆಯುತ್ತಾರೆ,
ನಾನು ಬರೆದ ಕೋಟೆಗಿಂತ ಅವರ ನಕ್ಷೆಯೇ ಚೆಂದ.
ಫಿಲೋಮಿನಾ ನರ್ಸು. ನೈಟ್ ಡ್ಯೂಟಿ ಇಲ್ಲದ ವಾರ ಬರುತ್ತಾಳೆ,
ದೀಪ ಹಿಡಿಯುವವಳು, ಮಾತು ಕಡಿಮೆ.

ಕಥೆ ನಡೆಸುವವನು ನಾನು.
ಉಳಿದ ಆರು ದಿನ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು.

ಈ ಕೋಟೆ ಡ್ಯಾಮಿನಲ್ಲಿ ಮುಳುಗಿದ್ದು.
ಬೇಸಿಗೆಯಲ್ಲಿ ನೀರಿಳಿದಾಗ ಹದಿನೈದು ದಿನ ತಲೆ ಎತ್ತುತ್ತದೆ,
ಮೊದಲ ಮಳೆಗೆ ಮತ್ತೆ ಒಳಗೆ.
ಪಕ್ಕದಲ್ಲಿ ನಲವತ್ತು ಮೆಟ್ಟಿಲು ಗೀಚಿದ್ದೇನೆ:
ಒಂದು ಕೋಣೆ ಹುಡುಕಿದರೆ ಒಂದು ಮೆಟ್ಟಿಲು ನೀರು,
ಯಾವ ಬಾಗಿಲು ಅಂತ ಕಚ್ಚಾಡಿದರೂ ಒಂದು ಮೆಟ್ಟಿಲು ನೀರು.
ಟೀ ಬಂದಾಗ ಮಾತ್ರ ನೀರು ನಿಲ್ಲುತ್ತದೆ.
ಅಷ್ಟು ಕರುಣೆ ಇದೆ ನನಗೆ.

ಹನ್ನೊಂದನೇ ಮೆಟ್ಟಿಲಿನಲ್ಲಿ ಅಡುಗೆಮನೆ.
ಎಲ್ಲರೂ ದಾಟಿ ಹೋದರು.
ಫಿಲೋಮಿನಾ ಹಿಂದೆ ಉಳಿದು, "ಒಲೆಯೊಳಗೆ ಕೈ ಹಾಕ್ತೀನಿ" ಅಂದಳು.

ಒಲೆಯೊಳಗೆ ನಾನೇನೂ ಇಟ್ಟಿರಲಿಲ್ಲ.
ಶನಿವಾರ ಎರಡು ಟ್ರಿಪ್ಪು ಹೆಚ್ಚಿಗೆ, ಕಾಲು ಊದಿತ್ತು.
"ಬೂದಿ" ಅಂದೆ. "ಬರೀ ಬೂದಿ. ಮುಂದೆ."
ಅವಳು ಕೈ ತೆಗೆದಳು.
ನಿಜವಾಗಿಯೂ, ಸ್ಟೂಲಿನ ಮೇಲೆ ಕೂತವಳು,
ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡಳು.

ಆಮೇಲೆ ಮೂರು ಭಾನುವಾರ
ಅವಳು ಯಾವುದರೊಳಗೂ ಕೈ ಹಾಕಲಿಲ್ಲ.
ಆಟ ಓಡಿತು, ಏನು ಓಡಿತು!
ಬಾಗಿಲು, ಬಾಗಿಲು, ಕೊಡಲಿ, ಬಾಗಿಲು,
ಹಾಲೇಶಿ ಖುಷಿ, ನಾನೂ ಖುಷಿ,
ಯಲ್ಲೋಜಿರಾಯರ ನಕ್ಷೆ ಮಾತ್ರ ಒಂದೇ ಗೆರೆಯಾಗಿ ಉದ್ದವಾಯಿತು.
ನಾನ್‌ಸ್ಟಾಪ್ ಬಸ್ಸಿಗೆ ಊರುಗಳಿರುವುದಿಲ್ಲ.

ಮಂಗಳವಾರ, ಮಂಡಗದ್ದೆ ದಾಟಿ ಎರಡು ತಿರುವು,
ಒಬ್ಬ ಅಜ್ಜಿ ಎದ್ದು "ಇಲ್ಲೇ" ಅಂದರು.
ಸ್ಟಾಪಿಲ್ಲ, ಮನೆಯಿಲ್ಲ, ದಾರಿಯೂ ಕಾಣದು.
ಡ್ರೈವರು ಗೊಣಗಿದ. ಒಂದು ಸೀಟಿ ಊದಿದೆ.
ಅಜ್ಜಿ ಇಳಿದು, ಸೆರಗು ಸರಿಮಾಡಿ,
ಲಂಟಾನ ಪೊದೆಯನ್ನು ಪರದೆಯಂತೆ ಸರಿಸಿದರು.
ಕೆಮ್ಮಣ್ಣಿನ ಕಾಲುದಾರಿ, ಗುಡಿಸಿದ್ದು,
ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ನೋಡದ್ದು.
ಪೊದೆ ಮುಚ್ಚಿಕೊಂಡಿತು.
ಎರಡು ಸೀಟಿ.
ತಡವಾದದ್ದು ಅರ್ಧ ನಿಮಿಷ.

ಈ ಭಾನುವಾರ ನೀರು ಇಪ್ಪತ್ತೊಂಬತ್ತಕ್ಕೆ ಬಂದಿದೆ.
ಹಾಲೇಶಿ ಕೊಡಲಿ ಎತ್ತಿದ್ದಾನೆ, ಕೊನೆಯ ಬಾಗಿಲು.
"ಹೋಲ್ಡಾನ್" ಅಂದೆ, ಬಸ್ಸಿನ ಗಂಟಲಿನಲ್ಲಿ.
ಅವಳ ಕಡೆ ತಿರುಗಿದೆ.
"ಅವತ್ತು ಒಲೆಯಲ್ಲಿ ಬೂದಿ ಅಂದಿದ್ದೆನಲ್ಲ,
ಒಂದು ಮಾತು ಹೇಳೋದು ಮರೆತಿದ್ದೆ.
ಅದು ಬೆಚ್ಚಗಿತ್ತು."

ಕೆಳಗೆ ಅಂಗಡಿಯ ಕಂಪ್ರೆಸರ್ ನಿಂತಿತು, ಅಥವಾ ನಿಂತಂತಾಯಿತು.
ಐವತ್ತು ವರ್ಷ ನೀರಿನಡಿ ಇದ್ದ ಕೋಟೆ.
ಅಫ್ರೋಜ್ ಬಾಗಿ ನಕ್ಷೆಯಲ್ಲಿ ಅಡುಗೆಮನೆ ಹುಡುಕಿದ.
ಯಲ್ಲೋಜಿರಾಯರು ಪೆನ್ಸಿಲ್ ಕೆತ್ತಿದರು.
ಕೊಡಲಿ ಇಳಿಯಿತು.

ವಾಪಸ್ ಹೋಗಲು ನಾಲ್ಕು ಮೆಟ್ಟಿಲು, ಬರಲು ನಾಲ್ಕು,
ಉಳಿಯುವುದು ಮೂರು. ಲೆಕ್ಕ ಅವರೇ ಹಾಕಿದರು,
ನಾನು ಸುಮ್ಮನೆ ಸೀಮೆಸುಣ್ಣ ಹಿಡಿದು ಕೂತಿದ್ದೆ.
ಯಾರೂ ಕಚ್ಚಾಡಲಿಲ್ಲ.
ಫಿಲೋಮಿನಾ ದೀಪ ಎತ್ತಿಕೊಂಡಳು, ಅಂದರೆ
ಟೀ ಲೋಟ ಎತ್ತಿಕೊಂಡಳು, ಎರಡು ಕೈಯಲ್ಲಿ.

"ಒಲೆ ಹಚ್ಚಿದ್ದು ಯಾರು?" ಕೇಳಿದಳು.

ಒಂಬತ್ತೂ ಇಪ್ಪತ್ತು. ಅವಳ ಕೊನೆಯ ಸಿಟಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು.
"ಮುಂದಿನ ವಾರ" ಅಂದೆ, ಗೊತ್ತಿದ್ದವನ ಹಾಗೆ.

ಗೊತ್ತಿಲ್ಲ.
ಆರು ದಿನ ಇದೆ,
ಗಾಜನೂರು, ಸಕ್ರೆಬೈಲು, ಮಂಡಗದ್ದೆ,
ಫುಟ್‌ಬೋರ್ಡಿನಲ್ಲಿ ನಿಂತು
ಪೊದೆಗಳನ್ನು ನೋಡುತ್ತ ಹೋಗುತ್ತೇನೆ.