ಜುಲೈ ತಿಂಗಳ ತಂಡ

ಆಟವಿಲ್ಲ, ಅಂಕಪಟ್ಟಿಯಲ್ಲಿ ಎಲ್ಲರಿಗೂ ಸೊನ್ನೆ.
ವರ್ಷದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲದ
ಆರು ವಾರ ಇದು.
ಅಡೆಲಿನೋನ ಕಾಫಿ ಅಂಗಡಿಯ ಮುಂದೆ
ಸಾರ್ಡೀನ್ ಮೀನು ಸುಡುವ ಹೊಗೆ,
ಹೊಗೆಯೊಳಗೆ ನಾಲ್ಕು ಕುರ್ಚಿ, ಐದು ಅಭಿಪ್ರಾಯ.

ಬೆಲ್ಮಿರೋ ಶುರುಮಾಡುತ್ತಾನೆ:
ಎಡಬದಿಯ ಆ ಹುಡುಗನನ್ನು ಉತ್ತರದವರಿಗೆ ಮಾರಬಾರದಿತ್ತು.
ಹಸು ಮಾರಿ ಹಗ್ಗ ಕೊಂಡರು,
ಈಗ ಹಗ್ಗ ಬಲು ಗಟ್ಟಿ ಅಂತ ಪೇಪರಿನಲ್ಲಿ ಹಾಕಿಸುತ್ತಾರೆ.

ಹಗ್ಗ ಅಲ್ಲವೋ, ಚಾವಣಿ! ಅಡೆಲಿನೋ ಒಳಗಿನಿಂದಲೇ ಕೂಗುತ್ತಾನೆ.
ಪಶ್ಚಿಮದ ಗ್ಯಾಲರಿಯ ತಗಡು ಫೆಬ್ರವರಿ ಗಾಳಿಗೆ ಎದ್ದು
ಶಾಲೆಯ ಅಂಗಳದಲ್ಲಿ ಬಿದ್ದದ್ದು ಮರೆತೆಯಾ?
ಆ ಹುಡುಗನ ಎಡಗಾಲೇ
ಈಗ ನಿನ್ನ ನೆತ್ತಿಗೆ ನೆರಳು.

ನಾನು ಮಾತಾಡುವುದು ಕಡಿಮೆ.
ಇಪ್ಪತ್ತೆರಡು ವರ್ಷ ಗೇಟಿನಲ್ಲಿ ಟಿಕೆಟು ಹರಿದವನು,
ಅರ್ಧ ಅವರಿಗೆ, ಅರ್ಧ ನನ್ನ ಡಬ್ಬಿಗೆ;
ಅಭಿಪ್ರಾಯವೂ ಬಾಯಿಗೆ ಬರುವಷ್ಟರಲ್ಲಿ ಅರ್ಧ ಹರಿದಿರುತ್ತದೆ.

ಹೊಸಬ ಬರುತ್ತಾನಂತೆ, ಕೇಪ್ ವರ್ಡೆಯವನು,
ಲಕ್ಸೆಂಬರ್ಗಿನಲ್ಲಿ ಹದಿನಾಲ್ಕು ಗೋಲು ಹೊಡೆದವನು.
ಆರು ಪೆನಾಲ್ಟಿ, ಎರಡು ಗಾಳಿಯ ಪುಣ್ಯ,
ಅನ್ನುತ್ತಾನೆ ಬೆಲ್ಮಿರೋ, ಪಕ್ಕದಲ್ಲೇ ನಿಂತು ನೋಡಿದವನ ಹಾಗೆ.
ಇಪ್ಪತ್ತೊಂಬತ್ತು ಅನ್ನುತ್ತದೆ ಕಾಗದ,
ಮಂಡಿ ಎಷ್ಟು ಅನ್ನುತ್ತದೋ.
ಹೊಸ ಕೋಚ್ ಬೇರೆ, ಬೆಳಗಿನ ಆರಕ್ಕೆ
ಹುಡುಗರ ಬೆನ್ನಿಗೆ ಮರಳಿನ ಚೀಲ ಕಟ್ಟಿ
ದೀಪಸ್ತಂಭದ ತನಕ ಓಡಿಸುತ್ತಾನೆ, ಹೊಟ್ಟೆ ಕರಗಲಿ ಅಂತ.
ಕತ್ತೆಗಳಿಗೂ ನಾವು ಇಷ್ಟು ಹೊರಿಸಲಿಲ್ಲ,
ಅನ್ನುತ್ತಾನೆ ಮುದುಕ ಔರೇಲಿಯೋ,
ಅವನಿಗೆ ಆಟದ ನಿಯಮ ಇನ್ನೂ ಗೊತ್ತಿಲ್ಲ,
ತಂಡದ ಬಣ್ಣದ ಟೊಪ್ಪಿ ಮಾತ್ರ ನಿದ್ದೆಯಲ್ಲೂ ತೆಗೆಯುವುದಿಲ್ಲ.

ಅಷ್ಟರಲ್ಲಿ ಝುಲ್ಮೀರಾ,
ತಂಡದ ಬಟ್ಟೆ ಒಗೆಯುವವಳು, ಬುಟ್ಟಿ ಸೊಂಟಕ್ಕಾನಿಸಿ,
ಕೂರದೆ, ಕಾಫಿ ಕೇಳದೆ:
ಹತ್ತನೇ ನಂಬರಿನ ಅಂಗಿ ಮೂರು ದಿನದಿಂದ
ಬೆವರಿಲ್ಲದೆ ಬರುತ್ತಿದೆ.

ಮೀನು ಒಂದು ಬದಿ ಕರಟಿತು. ಯಾರೂ ಮಗುಚಲಿಲ್ಲ.

ಹತ್ತು ಅಂದರೆ ಕಿಂಟೀನೋ.
ಹನ್ನೊಂದು ವರ್ಷ ಅದೇ ಅಂಗಿ, ಅದೇ ಹಣೆಪಟ್ಟಿ,
ಎರಡು ಸಲ ನಮ್ಮ ಜೊತೆ ಕೆಳಗಿಳಿದವನು,
ಒಂದು ಸಲ ನಮ್ಮನ್ನು ಹೊತ್ತು ಮೇಲೆ ಹತ್ತಿದವನು.

ಯಾರು ಕೊಂಡರು? ಬೆಲ್ಮಿರೋನ ದನಿ ಈಗ ಸಣ್ಣದು.
ಎಷ್ಟಕ್ಕೆ?

ಯಾರೂ ಕೊಂಡಿಲ್ಲ, ಅಂದಳು ಅವಳು.
ಶೀತಲ ಗೋದಾಮಿನಲ್ಲಿ ರಾತ್ರಿ ಪಾಳಿ ಸಿಕ್ಕಿದೆ.
ಮೂರನೇ ಕೂಸು ಅಕ್ಟೋಬರಿಗೆ.

ಪೇಪರಿನಲ್ಲಿ ಅದು ಬರಲಿಲ್ಲ.
ಬಂದವರ ಪಟ್ಟಿಯಿತ್ತು, ಹೋದವರ ಪಟ್ಟಿಯಿತ್ತು,
ಮೊತ್ತವಿಲ್ಲದವನಿಗೆ ಕಾಲಮ್ಮಿರಲಿಲ್ಲ.

ಶನಿವಾರ ಅಗ್ನಿಶಾಮಕ ದಳದ ಹುಡುಗರ ಮೇಲೆ ಮೊದಲ ಅಭ್ಯಾಸ ಪಂದ್ಯ.
ಒಂದಕ್ಕೆ ಎರಡು ಸೋತೆವು; ಲೆಕ್ಕಕ್ಕಿಲ್ಲದ ಸೋಲು,
ಬೆಲ್ಮಿರೋ ಲೆಕ್ಕ ಇಟ್ಟಿದ್ದಾನೆ.
ಆ ಒಂದು ಹೊಸಬನದೇ, ತಲೆಯಿಂದ.
ಝುಲ್ಮೀರಾ ಹೊಲಿದು ಗಿಡ್ಡ ಮಾಡಿದ ತೋಳಿನ
ಹತ್ತನೇ ಅಂಗಿಯಲ್ಲಿ ಅವನು ಓಡುವಾಗ
ಕೈತಟ್ಟಲೋ ಬೇಡವೋ ಎಂದು
ಔರೇಲಿಯೋ ಟೊಪ್ಪಿ ಕೈಯಲ್ಲಿ ಹಿಡಿದು ಕೂತಿದ್ದನಂತೆ.

ಅಂತೆ, ಏಕೆಂದರೆ ನಾನು ನೋಡಲಿಲ್ಲ.
ಅಭ್ಯಾಸ ಪಂದ್ಯಕ್ಕೆ ಟಿಕೆಟಿಲ್ಲ,
ಆದರೂ ಸ್ಟೂಲು ಹಾಕಿಕೊಂಡು ಗೇಟಿನಲ್ಲೇ ಇದ್ದೆ.
ಆಟ ಶುರುವಾದ ಮೇಲೆ ಕಿಂಟೀನೋ ಬಂದ,
ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು.
ಆಟಗಾರರ ಬಾಗಿಲು ಆಚೆ ಬದಿ;
ಹನ್ನೊಂದು ವರ್ಷದಲ್ಲಿ ಈ ಗೇಟಿನಿಂದ ಅವನು ಒಳಬಂದದ್ದೇ ಇಲ್ಲ.
ಜೇಬಿನಿಂದ ಚಿಲ್ಲರೆ ತೆಗೆದ.
ಇವತ್ತು ಬೇಡ ಕಣೋ, ಅಂದೆ.
ಹರಿಯಲು ಏನೂ ಇಲ್ಲದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಎಲ್ಲಿ ಕೂರಲಿ? ಕೇಳಿದ, ಊರಿಗೆ ಹೊಸಬನ ಹಾಗೆ.

ಪಶ್ಚಿಮಕ್ಕೆ ಹೋಗು, ಅಂದೆ.
ಅಲ್ಲಿ ಈಗ ನೆರಳಿದೆ.