ಓದಬಹುದು

ಔಲು, ಜನವರಿ. ಬೆಳಿಗ್ಗೆ ಹತ್ತಾದರೂ ಆಫೀಸಿನ ದೀಪ ಆರಿಸಿಲ್ಲ.
ಇರ್ಯಾ ಪೇಜ್ ಟೇಬಲ್ಲಿನ ಒಂದು ಬಿಟ್ ತಿರುಗಿಸಿದಳು:
ಇನ್ನು ಕರ್ನಲ್ಲಿನ ಈ ಪುಟಗಳನ್ನು
ಓದಬಹುದು, ನಡೆಸಬಹುದು; ಬರೆಯುವಂತಿಲ್ಲ.
ಬರೆಯಬಹುದಾದ ಪುಟಗಳು ಬೇರೆ ಇವೆ,
ಅವು ನಡೆಯುವಂತಿಲ್ಲ.

ನುಡಿದಂತೆ ನಡೆ ಎನ್ನುತ್ತೇವಲ್ಲ ನಾವು,
ಇಲ್ಲಿ ಕಟ್ಟಳೆ ತಲೆಕೆಳಗು:
ನುಡಿ ಬೇರೆ, ನಡೆ ಬೇರೆ ಇದ್ದರೇ ಮನೆ ಉಳಿಯುವುದು.
ಹೊರಗಿನವನು ಯಾರೋ ಪಿಸುಗುಟ್ಟಿದ್ದು
ಒಳಗೆ ಕಾಲು ಮೂಡಿ ಓಡಾಡಬಾರದು.

ಎದ್ದಿತು ಯಂತ್ರ. ನಾಲ್ಕು ಸೆಕೆಂಡು. ಬಿತ್ತು.
ಪರದೆಯ ತುಂಬ ಹದಿನಾರರ ಲೆಕ್ಕದ ಅಂಕಿ.
ಕನ್ನ ಹಾಕಹೋದದ್ದು ಕರ್ನಲ್ಲೇ:
ತನ್ನ ಪುಟಕ್ಕೆ ತಾನೇ ಕೈ ಚಾಚಿ
ಬೆರಳು ಜಜ್ಜಿಸಿಕೊಂಡಿತ್ತು.

ಹುಡುಕಿದಳು. ಸೀರಿಯಲ್ ಪೋರ್ಟಿನ ಡ್ರೈವರ್, ಹನ್ನೆರಡು ಬೈಟು,
ಹತ್ತೊಂಬತ್ತು ವರ್ಷ ಹಳೆಯದು. ಪಕ್ಕದಲ್ಲಿ ಟಿಪ್ಪಣಿ:
"ಸದ್ಯಕ್ಕೆ. ರೈಮೊ."

ರೈಮೊ ಈಗ ನಿವೃತ್ತ. ಫೋನಿನಲ್ಲಿ ಬರೀ ಗಾಳಿ;
ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಕೊರೆದ ತೂತಿನ ಪಕ್ಕ,
ಬಕೆಟ್ಟು ಮಗುಚಿ ಕೂತಿದ್ದಾನೆ.
ಕೇಳಿಸಿಕೊಂಡ. ಬಹಳ ಹೊತ್ತು ಏನೂ ಇಲ್ಲ.
"ಆಗ ನಾವು ಯಾರೂ ಬೀಗ ಹಾಕುತ್ತಿರಲಿಲ್ಲ," ಎಂದ.
ಆಮೇಲೆ, "ತಡಿ, ಮೀನು."

ಅವಳು ಆ ಸಾಲನ್ನು ಅಳಿಸಲಿಲ್ಲ.
ಮೇಲಕ್ಕೆ ತಂದಳು, ಬೀಗ ಬೀಳುವ ಮುಂಚಿನ
ಸಣ್ಣ ಗಳಿಗೆಗೆ. ಹೇಳುವುದಿದ್ದರೆ ಈಗಲೇ ಹೇಳು, ಮುದುಕ.
ಐದು ಸೆಕೆಂಡು. ಆರು.
ಲಾಗಿನ್? ಎಂದಿತು ಪರದೆ.

"ಸದ್ಯಕ್ಕೆ" ಇನ್ನೂ ಅಲ್ಲೇ ಇದೆ,
ಓದಬಹುದು.